ಪರೀಕ್ಷೆ ಪಾಸಾದ ಮೇಲೂ ನಾಲ್ಕು ತಿಂಗಳು ಮನೆಯಲ್ಲೇ ಕೂತೆ

ಅಮೆರಿಕದಲ್ಲಿ ಫಿಸಿಶಿಯನ್ ಅಸಿಸ್ಟೆಂಟ್ ಆಗಲು ಬರೆಯಬೇಕಾದ ಪ್ಯಾನ್ಸ್ ಪರೀಕ್ಷೆಯ ಫಲಿತಾಂಶ ಬಂದ ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. "ಹಾಗಾದ್ರೆ ನಾಳೆಯಿಂದಾನೇ ಕೆಲಸಾನಾ?" ಅಂದರು. ನಾನೂ ಹೆಚ್ಚುಕಡಿಮೆ ಹಾಗೇ ಅಂದುಕೊಂಡಿದ್ದೆ. ಮೊದಲ ರೋಗಿಯನ್ನು ನೋಡಿದ್ದು ನಾಲ್ಕು ತಿಂಗಳಾದ ಮೇಲೆ.

ಫಿಸಿಶಿಯನ್ ಅಸಿಸ್ಟೆಂಟ್ (ಪಿಎ) ಅಂದರೆ ವೈದ್ಯರ ಜೊತೆ ಕೆಲಸ ಮಾಡುತ್ತಾ ರೋಗಿಗಳನ್ನು ನೋಡಿ ಔಷಧಿ ಬರೆಯುವವರು. ಅಮೆರಿಕದಲ್ಲಿ ಪಿಎ ಆಗಬೇಕಾದರೆ ಎಆರ್‌ಸಿ-ಪಿಎ ಅನ್ನುವ ಸಂಸ್ಥೆಯ ಮಾನ್ಯತೆ ಇರುವ ಕೋರ್ಸನ್ನೇ ಮುಗಿಸಬೇಕು. ನನ್ನದು 27 ತಿಂಗಳ ಕೋರ್ಸ್. ಎಂಬಿಬಿಎಸ್ ಮಾಡಿದ ನನ್ನ ಕಸಿನ್ ಒಬ್ಬ, ನೇರವಾಗಿ ಪರೀಕ್ಷೆ ಬರೆದುಬಿಡಬಹುದಾ ಅಂತ ಕೇಳಿದ್ದ. ಆಗುವುದಿಲ್ಲ. ಅವನಿಗೆ ಸ್ವಲ್ಪ ಬೇಜಾರೇ ಆಯಿತು.

ಪರೀಕ್ಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. 300 ಪ್ರಶ್ನೆ, 60ರಂತೆ ಐದು ಭಾಗ, ಒಂದೊಂದಕ್ಕೂ ಒಂದು ಗಂಟೆ. 200ರಿಂದ 800ರ ಅಳತೆಯಲ್ಲಿ 350 ಬಂದರೆ ಪಾಸು. ಓದಿದವರಿಗೆ ಅದು ದಾಟುತ್ತದೆ. ನನ್ನನ್ನು ಸುಸ್ತು ಮಾಡಿದ್ದು ನನ್ನದೇ ಹೆಸರು.

ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ನನ್ನ ಹೆಸರು, ಅಪ್ಪನ ಹೆಸರು ಎರಡೂ ಒಂದೇ ಸಾಲಿನಲ್ಲಿವೆ. ನಮ್ಮ ಕಡೆಯವರಲ್ಲಿ ಎಷ್ಟೋ ಜನರದ್ದು ಹಾಗೇ ಅಲ್ವಾ? ವೀಸಾದಲ್ಲಿ ಆ ಇಡೀ ಸಾಲು ಸರ್‌ನೇಮ್ ಆಯಿತು. ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಕೂತಿತು. ಅಂದರೆ ಮೊದಲ ಹೆಸರು ಗೊತ್ತಿಲ್ಲ ಅಂತ. ಡ್ರೈವಿಂಗ್ ಲೈಸೆನ್ಸಿಗೂ ಅದೇ ಹೋಯಿತು. ಕಾಲೇಜಿನವರು ಮಾತ್ರ ಪಾಪ, ಹೆಸರನ್ನು ಸರಿಯಾಗಿ ಎರಡು ಭಾಗ ಮಾಡಿ ಬರೆದುಕೊಂಡಿದ್ದರು.

ಪರೀಕ್ಷಾ ಕೇಂದ್ರದಲ್ಲಿ ಗುರುತಿನ ಚೀಟಿಯ ಹೆಸರೇ ಇರಬೇಕು ಅಂತ, ಈ ಪರೀಕ್ಷೆ ನಡೆಸುವ ಎನ್‌ಸಿಸಿಪಿಎ ಸಂಸ್ಥೆಯ ಅರ್ಜಿಯಲ್ಲಿ ಎಫ್‌ಎನ್‌ಯು ಅಂತಲೇ ತುಂಬಿದೆ. ಅಲ್ಲಿ ಸುಸೂತ್ರ. ಪಾಸಾದ ಮೇಲೆ ಹೆಸರಿನ ನಂತರ ಪಿಎ-ಸಿ (ಸರ್ಟಿಫೈಡ್ ಪಿಎ) ಅಂತ ಹಾಕಿಕೊಳ್ಳಬಹುದು. ಆದರೆ ಅದು ಸರ್ಟಿಫಿಕೇಟ್ ಅಷ್ಟೇ. ಕೆಲಸ ಮಾಡಲು ಅನುಮತಿ ಕೊಡುವುದು ರಾಜ್ಯದ ಲೈಸೆನ್ಸಿಂಗ್ ಬೋರ್ಡ್. ಈ ವ್ಯತ್ಯಾಸ ಕೋರ್ಸ್ ಮುಗಿಯುವವರೆಗೂ ನನ್ನ ತಲೆಗೆ ಸರಿಯಾಗಿ ಹೋಗಿರಲಿಲ್ಲ.

ಬೋರ್ಡಿಗೆ ದಾಖಲೆಗಳನ್ನು ನಾವು ಕಳಿಸಿದರೆ ನಡೆಯುವುದಿಲ್ಲ. ಕಾಲೇಜು, ಎನ್‌ಸಿಸಿಪಿಎ ನೇರವಾಗಿ ಕಳಿಸಬೇಕು. ಕಾಲೇಜಿನಿಂದ ಒಂದು ಹೆಸರಲ್ಲಿ ಬಂತು, ಎನ್‌ಸಿಸಿಪಿಎಯಿಂದ ಇನ್ನೊಂದು ಹೆಸರಲ್ಲಿ. ಬೋರ್ಡಿನ ಕಂಪ್ಯೂಟರಿಗೆ ನಾವು ಇಬ್ಬರು ಬೇರೆ ಬೇರೆ ಹೆಂಗಸರು. ಐದು ವಾರ 'ದಾಖಲೆ ಬಂದಿಲ್ಲ' ಅಂತಲೇ ತೋರಿಸುತ್ತಿತ್ತು. ನಾನು ಸುಮ್ನೆ ಕಾದೆ, ಅದು ನನ್ನ ದಡ್ಡತನ. ಕೊನೆಗೆ ಫೋನ್ ಮಾಡಿದಾಗ ಆ ಕಡೆಯಿಂದ ಒಬ್ಬರು, "ಎಫ್‌ಎನ್‌ಯು ಅನ್ನೋರು ನಿಮಗೆ ಏನಾಗಬೇಕು?" ಅಂದರು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಇಬ್ಬರೂ ಒಬ್ಬಳೇ ಅಂತ ನೋಟರಿ ಮುಂದೆ ಅಫಿಡವಿಟ್ ಮಾಡಿಸಿ ಕಳಿಸಿದೆ. ಒಂಬತ್ತು ದಿನದಲ್ಲಿ ಲೈಸೆನ್ಸ್ ಬಂತು.

ಅಷ್ಟಕ್ಕೇ ಮುಗಿಯಲಿಲ್ಲ. ಕೆಲವು ನೋವಿನ ಮಾತ್ರೆ, ನಿದ್ದೆ ಮಾತ್ರೆಗಳಂಥ ನಿಯಂತ್ರಿತ ಔಷಧಿ ಬರೆಯಲು ಡಿಇಎ, ಅಂದರೆ ಕೇಂದ್ರ ಸರ್ಕಾರದ ಮಾದಕವಸ್ತು ನಿಯಂತ್ರಣ ಸಂಸ್ಥೆಯ ನೋಂದಣಿ ಬೇಕು. ರಾಜ್ಯದ ಲೈಸೆನ್ಸ್ ಇಲ್ಲದೆ ಅದು ಸಿಗುವುದಿಲ್ಲ. ಮೂರು ವರ್ಷಕ್ಕೆ ಶುಲ್ಕ 888 ಡಾಲರ್. ನಾನು ಕೈಯಿಂದ ಕಟ್ಟಿದೆ. ಆಸ್ಪತ್ರೆಯವರೇ ಕೊಡುತ್ತಾರಾ ಅಂತ ಸಹಿ ಹಾಕುವ ಮೊದಲೇ ಕೇಳಬೇಕಿತ್ತು. ಡಿಇಎ ನಂಬರಿನಲ್ಲಿ ಪಿಎಗಳಿಗೆ ಮೊದಲ ಅಕ್ಷರ ಎಂ, ಎರಡನೆಯದು ಸರ್‌ನೇಮಿನ ಮೊದಲ ಅಕ್ಷರ. ನನ್ನದರಲ್ಲಿ ಅಲ್ಲಿ ನನ್ನ ಸ್ವಂತ ಹೆಸರಿನ ಅಕ್ಷರವೇ ಇದೆ. ಚಿಕಿತ್ಸೆ ಕೊಡುವವರಿಗೆಲ್ಲ ಇರುವ ಹತ್ತು ಅಂಕಿಯ ಗುರುತಿನ ಸಂಖ್ಯೆ, ಎನ್‌ಪಿಐ ನಂಬರ್ ಮಾತ್ರ ಪುಕ್ಕಟೆ, ಆನ್‌ಲೈನಿನಲ್ಲೇ ಆಯಿತು.

ಆಮೇಲೆ ಆಸ್ಪತ್ರೆಯ ಕ್ರೆಡೆನ್ಶಿಯಲಿಂಗ್, ಅಂದರೆ ಅರ್ಹತೆಯ ತಪಾಸಣೆ. ಅಲ್ಲಿ ಎಲ್ಲವನ್ನೂ ಮತ್ತೆ ಮೊದಲಿನಿಂದ ಪರಿಶೀಲಿಸುತ್ತಾರೆ. ಮಗು ಹುಟ್ಟಿದಾಗ ಎಂಟು ತಿಂಗಳು ಏನು ಮಾಡುತ್ತಿದ್ದೆ ಅಂತಲೂ ಬರೆದು ಕೊಡಬೇಕಾಯಿತು. 'ಮಗು ನೋಡಿಕೊಳ್ಳುತ್ತಿದ್ದೆ' ಅಂತ ಒಂದೇ ಸಾಲು ಬರೆದೆ. ಒಪ್ಪಿದರು.

ಈಗ ಹೊಸಬರು ಯಾರಾದರೂ ಕೇಳಿದರೆ, ಓದುವ ಪುಸ್ತಕಕ್ಕಿಂತ ಮೊದಲು ಪಾಸ್‌ಪೋರ್ಟ್ ತೆಗೆದು ಹೆಸರು ನೋಡಿಕೊಳ್ಳಿ ಅನ್ನುತ್ತೇನೆ. ಕಾಲೇಜು ಸೇರುವ ದಿನವೇ ಅದನ್ನು ಹೊಂದಿಸಿಕೊಳ್ಳಬಹುದು.

ಸರ್ಟಿಫಿಕೇಟ್ ಉಳಿಸಿಕೊಳ್ಳಲು ಎರಡು ವರ್ಷಕ್ಕೊಮ್ಮೆ 100 ಸಿಎಂಇ (ವೃತ್ತಿಯಲ್ಲಿದ್ದುಕೊಂಡೇ ಮುಂದುವರಿಸುವ ವೈದ್ಯಕೀಯ ಕಲಿಕೆ) ಕ್ರೆಡಿಟ್ ತೋರಿಸಬೇಕು, ಅದರಲ್ಲಿ 50 ಆದರೂ ಮೊದಲ ವರ್ಗದ್ದು, ಅಂದರೆ ಮಾನ್ಯತೆ ಪಡೆದ ಕಾರ್ಯಕ್ರಮಗಳದ್ದಿರಬೇಕು. ರಾಜ್ಯದ ಲೈಸೆನ್ಸ್ ನವೀಕರಣದ ತಾರೀಖು ಬೇರೆ, ಡಿಇಎದ್ದು ಇನ್ನೂ ಬೇರೆ. ಮೂರನ್ನೂ ಫ್ರಿಜ್ ಬಾಗಿಲ ಮೇಲೆ ಬರೆದು ಅಂಟಿಸಿದ್ದೇನೆ. ಈ ಡಿಸೆಂಬರ್ 31ಕ್ಕೆ ಇನ್ನೂ 14 ಕ್ರೆಡಿಟ್ ಬಾಕಿ ಇದೆ.