ಬೋರ್ ನೀರು ಕಲಿಸಿದ ಪಾಲಿಮರ್ ಪಾಠ

ಕಲಬುರಗಿಯ ಒಂದು ಕಾಲೇಜಿನಲ್ಲಿ ಬಯೋಟೆಕ್ನಾಲಜಿ ಪಾಠ ಮಾಡುತ್ತೇನೆ. ಹೋದ ವರ್ಷ ಮಕ್ಕಳ ಪ್ರಾಜೆಕ್ಟಿಗೆ ಸೋಡಿಯಂ ಆಲ್ಜಿನೇಟ್ ತರಿಸಿದ್ದೆ. ಕಂದು ಕಡಲಪಾಚಿಯಿಂದ ತೆಗೆಯುವ ಪಾಲಿಮರ್, ಅಂದರೆ ಉದ್ದನೆಯ ಎಳೆಯಂಥ ಅಣುಗಳ ಪುಡಿ. ಇದರ ದ್ರಾವಣಕ್ಕೆ ಯೀಸ್ಟ್ ಬೆರೆಸಿ, ಸಿರಿಂಜಿನಿಂದ ಕ್ಯಾಲ್ಸಿಯಂ ಕ್ಲೋರೈಡಿಗೆ ಹನಿಸಿದರೆ ಹನಿ ಮಣಿಯಾಗುತ್ತದೆ. ಯೀಸ್ಟ್ ಒಳಗೇ ಉಳಿದು ಸಕ್ಕರೆ ನೀರನ್ನು ಹುದುಗಿಸುತ್ತದೆ. ಮಣಿ ಸೋಸಿ ತೆಗೆದರೆ ಅದೇ ಯೀಸ್ಟ್ ಮತ್ತೆ ಸಿಕ್ಕಿತು, ಅಲ್ವಾ?

ಮೊದಲ ದಿನವೇ ಎಡವಟ್ಟು. ಡಿಸ್ಟಿಲ್ಡ್ ವಾಟರ್ ಖಾಲಿಯಾಗಿತ್ತು. ಬೋರ್ ನೀರಾದರೇನು ಅಂದುಕೊಂಡು 100 ಮಿಲಿಗೆ 2 ಗ್ರಾಂ ಪುಡಿ ಹಾಕಿದೆ. ತಿರುವಿದಷ್ಟೂ ಗಂಟು. ಒಮ್ಮೆಗೇ ಸುರಿದಿದ್ದಕ್ಕೆ ಹೀಗಾಯಿತೇನೋ ಅಂತ ಮತ್ತೊಮ್ಮೆ ಚಿಟಿಕೆ ಚಿಟಿಕೆಯಾಗಿ ಉದುರಿಸಿದೆ. ಆಗಲೂ ಲೋಳೆ ಲೋಳೆ ಮುದ್ದೆ. ಅಟೆಂಡರ್ ಕಾಕಾ ಬಗ್ಗಿ ನೋಡಿ, "ಮೇಡಂ, ಅಂಬಲಿ ಗಂಟ ಕಟ್ಟಿದಂಗ ಆಗ್ಯಾದ್ರಿ" ಅಂದರು.

ಪಕ್ಕದ ಕೆಮಿಸ್ಟ್ರಿ ಲ್ಯಾಬಿನಲ್ಲಿ ಆ ನೀರಿಗೆ ಇಡಿಟಿಎ ಟೈಟ್ರೇಷನ್, ಅಂದರೆ ಗಡಸುತನ ಅಳೆಯುವ ಪರೀಕ್ಷೆ, ಮಾಡಿಸಿದೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು ಅಂತಾರೆ. ನಮ್ಮದು ಆ ಗೆರೆಯನ್ನು ಆರಾಮಾಗಿ ದಾಟಿತ್ತು. ಶಹಾಬಾದ್ ಕಲ್ಲಿನ ಸೀಮೆ ನಮ್ಮದು. ಸುಣ್ಣದ ಕಲ್ಲಿನ ಕ್ಯಾಲ್ಸಿಯಂ ಬೋರಿಗೂ ಇಳಿದಿರುತ್ತದೆ. ಆಲ್ಜಿನೇಟಿನ ಎಳೆಗಳನ್ನು ಒಂದಕ್ಕೊಂದು ಕಟ್ಟುವುದೂ ಅದೇ ಕ್ಯಾಲ್ಸಿಯಂ. ಮಣಿಯಾಗುವ ಕೆಲಸ ಬೀಕರಿನಲ್ಲೇ ಅರ್ಧಂಬರ್ಧ ನಡೆದುಹೋಗಿತ್ತು.

ಡಿಸ್ಟಿಲ್ಡ್ ವಾಟರಿನಲ್ಲಿ ರಾತ್ರಿಯಿಡೀ ಬಿಟ್ಟಾಗ ಜೇನಿನಂತೆ ಇಳಿಯಿತು. ಮಣಿಗಳು ಸಾಬೂದಾಣಿ ಹಾಗೆ ದುಂಡಗೆ ಬಂದವು. ಒಬ್ಬ ಹುಡುಗ ಶಿಸ್ತಾಗಿ ಅವನ್ನು ಫಾಸ್ಫೇಟ್ ಬಫರಿನಲ್ಲಿ (ಹುಳಿಯ ಮಟ್ಟ ಏರುಪೇರಾಗದಂತೆ ತಡೆಯುವ ದ್ರಾವಣ) ನೆನೆಸಿಟ್ಟ. ಮರುದಿನ ಮಣಿಯೇ ಇಲ್ಲ, ಬರೀ ಮಬ್ಬು ನೀರು! ಫಾಸ್ಫೇಟ್ ಕ್ಯಾಲ್ಸಿಯಂ ಕಿತ್ತುಕೊಂಡಿತ್ತು. ಅವನನ್ನು ಬೈಯಲಿಲ್ಲ, ನನಗೇ ಹೊಳೆದಿರಲಿಲ್ಲ. ಗಾಯಕ್ಕೆ ಹಚ್ಚುವ ಆಲ್ಜಿನೇಟ್ ಪಟ್ಟಿಯಲ್ಲೂ ಇಂಥದ್ದೇ ಅದಲುಬದಲು. ಗಾಯದ ರಸದ ಸೋಡಿಯಂ ಪಟ್ಟಿಯ ಕ್ಯಾಲ್ಸಿಯಂ ಜಾಗಕ್ಕೆ ಬಂದು, ಪಟ್ಟಿ ಮೆತ್ತನೆಯ ಜೆಲ್ ಆಗುತ್ತದೆ. ಅಲ್ಲಿ ಅದು ಬೇಕು, ನಮಗೆ ಬೇಡ.

ಹಾಗಾಗಿ ಪಿವಿಎ, ಅಂದರೆ ಪಾಲಿವಿನೈಲ್ ಆಲ್ಕೋಹಾಲ್ ಕಡೆ ಹೊರಳಿದೆ. ಇದು ಕಾರ್ಖಾನೆಯ ಪಾಲಿಮರ್. 90 ಡಿಗ್ರಿಯಲ್ಲಿ ಕರಗಿಸಿ, ಮೈನಸ್ 20ರಲ್ಲಿ ಹೆಪ್ಪುಗಟ್ಟಿಸಿ, ಕರಗಲು ಬಿಟ್ಟು, ಮತ್ತೆ ಹೆಪ್ಪುಗಟ್ಟಿಸಬೇಕು. ಹೀಗೆ ಮೂರು ಸಲ ಮಾಡಿದರೆ ರಬ್ಬರಿನಂಥ ಜೆಲ್. ಗಡಸು ನೀರಿಗೆ ಇದು ಅಷ್ಟು ಹೆದರಲ್ಲ, ಕರೆಂಟಿಗೆ ಹೆದರುತ್ತದೆ. ಮೇ ತಿಂಗಳ ಒಂದು ರಾತ್ರಿ ಕರೆಂಟ್ ಹೋಗಿ, ಬೆಳಿಗ್ಗೆ ಟ್ರೇ ತುಂಬ ಅಂಟಂಟು ಗಂಜಿ.

ಕೊನೆಗೆ ಎರಡನ್ನೂ ಬೆರೆಸಿದೆ. ಆಲ್ಜಿನೇಟ್ ಮಣಿಯ ಆಕಾರ ಕೊಟ್ಟಿತು, ಪಿವಿಎ ಗಟ್ಟಿತನ ಕೊಟ್ಟಿತು. ಫ್ರೀಜರಿನಲ್ಲಿ ಒಂದಷ್ಟು ಯೀಸ್ಟ್ ಸತ್ತಿತು, ಹುದುಗು ನಿಧಾನವಾಯಿತು. ಆದರೆ ಫಾಸ್ಫೇಟಿನಲ್ಲಿ ರಾತ್ರಿಯಿಡೀ ಬಿದ್ದಿದ್ದರೂ ಮಣಿಗಳು ಸ್ವಲ್ಪ ಊದಿಕೊಂಡವು ಅಷ್ಟೇ. ಆ ಹುಡುಗ ಚಮಚದಲ್ಲಿ ಒಂದೊಂದನ್ನೇ ಎತ್ತಿ ಎಣಿಸುತ್ತ ಕೂತಿದ್ದ.