ಹಳೇ ಮನೆಗೆ ಹೊಸ ಕೋಣೆ: ಮೊದಲು ನೀರಿನ ದಾರಿ ನೋಡಿ

ಹಳೇ ಮನೆ ಕೈಗೆ ಬಂದ ಕೂಡಲೇ ಗೋಡೆ ಒಡೆಸುವ ಆತುರ ಬೇಡ. ನಾಲ್ಕಾರು ಜೋರು ಮಳೆ ಬೀಳುವವರೆಗೆ ಸುಮ್ನೆ ಗಮನಿಸಿ. ಎಲ್ಲಿ ಸೋರುತ್ತದೆ, ಯಾವ ಗೋಡೆ ತೇವ ಹಿಡಿಯುತ್ತದೆ ಎಂದು ಬರೆದಿಟ್ಟುಕೊಳ್ಳಿ. ಬಿರುಕು ಕಂಡರೆ ಅದರ ತುದಿಗೆ ಪೆನ್ಸಿಲ್ ಗೀಟು ಎಳೆದು ತಾರೀಕು ಹಾಕಿ. ಗೀಟು ದಾಟಿ ಬೆಳೆಯಿತೋ, ಗೋಡೆ ಇನ್ನೂ ಅಲುಗುತ್ತಿದೆ. ಅದನ್ನು ಪುಟ್ಟಿಯಿಂದ ಮುಚ್ಚಬೇಡಿ, ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ.

ಕೆಲಸ ಚಾವಣಿಯಿಂದ ಶುರುವಾಗಲಿ. ಒಡೆದ ಹೆಂಚು ಬದಲಿಸಿ, ನೀರಿಳಿಯುವ ಪೈಪಿನಲ್ಲಿ ಕಟ್ಟಿಕೊಂಡ ಕಸ ತೆಗೆಸಿ. ಆಮೇಲೆ ಹೊರಗಿನ ನೆಲ ನೋಡಿ. ವರ್ಷಗಟ್ಟಲೆ ಮಣ್ಣು ತುಂಬಿ ಅದು ಒಳಗಿನ ನೆಲದ ಮಟ್ಟಕ್ಕೇ ಬಂದಿರುತ್ತದೆ. ಕನಿಷ್ಠ 15 ಸೆಂಟಿಮೀಟರ್ ಕೆಳಗಿರುವಂತೆ ತೆಗೆಸಿ. ಎಷ್ಟೋ ಗೋಡೆಗಳ ತೇವ ಇಷ್ಟರಿಂದಲೇ ಇಳಿಯುತ್ತದೆ.

ಈಗ ಗಾರೆ ಕೆಲಸ. ಇಲ್ಲಿ ಆಗುವ ತಪ್ಪು ಮನೆಯನ್ನೇ ತಿನ್ನುತ್ತದೆ. ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆ ತೇವ ಹೀರಿ, ಬಿಸಿಲು ಬಂದಾಗ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಉಳಿಯುತ್ತದೆ. ಇಟ್ಟಿಗೆ ಉದುರುತ್ತದೆ, ತೊಲೆಯ ತುದಿ ಕೊಳೆಯುತ್ತದೆ. ಹಾಗಾಗಿ ಸುಣ್ಣದ ಗೋಡೆಗೆ ಸುಣ್ಣವೇ ಸರಿ. ಸುಣ್ಣ ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ಅದಕ್ಕೆ ವಾರಗಟ್ಟಲೆ ಸಮಯ ಕೊಡಬೇಕು. ಮೇಸ್ತ್ರಿ ಅವಸರ ಮಾಡಿದರೂ ನೀವು ಮಾಡಬೇಡಿ.

ಹೊಸ ಕೋಣೆ ಸೇರಿಸುವಾಗ ಒಂದು ಮಾತು ನೆನಪಿಡಿ. ಹಳೇ ಮನೆಯ ಭಾರಕ್ಕೆ ಮಣ್ಣು ಎಂದೋ ಕುಸಿದು ನಿಂತಿದೆ. ಹೊಸ ಭಾಗದ ಅಡಿಯ ಮಣ್ಣು ಇನ್ನು ಕುಸಿಯಬೇಕಷ್ಟೆ. ಎರಡನ್ನೂ ಬಿಗಿಯಾಗಿ ಕಟ್ಟಿದರೆ ಸೇರುವ ಕಡೆ ಬಿರುಕು ಬಿಡುತ್ತದೆ. ಹೊಸದಕ್ಕೆ ಬೇರೆಯೇ ಪಾಯ ಹಾಕಿಸಿ. ನಡುವೆ ಸಂದು ಬಿಟ್ಟು, ಹಿಗ್ಗಿ ಕುಗ್ಗುವ ವಸ್ತು ತುಂಬಿಸಿ. ಎರಡು ಚಾವಣಿ ಸೇರುವಲ್ಲಿ ಮಳೆ ನುಗ್ಗದಂತೆ ಲೋಹದ ತಗಡು ಕೂರಿಸಿ.

ಅಡುಗೆಮನೆ, ಬಚ್ಚಲು ಹೊಸ ಭಾಗಕ್ಕೆ ಹೋದರೆ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಪೈಪಿಗಾಗಿ ಹಳೇ ಗೋಡೆ ಕೊರೆಯುವುದು ಆಗ ತಪ್ಪುತ್ತದೆ ಅಲ್ವಾ? ಹೊಸದು ಹಳೆಯದರ ನಕಲಾಗಬೇಕಿಲ್ಲ. ಸ್ಮಾರಕಗಳ ಸಂರಕ್ಷಣೆಗಾಗಿ ರೂಪಿಸಿದ 1964ರ ವೆನಿಸ್ ಸನ್ನದು ಕೂಡ ಹೊಸ ಕೆಲಸ ಹೊಸದಾಗಿಯೇ ಕಾಣಲಿ ಎನ್ನುತ್ತದೆ.

ಹಳೇ ವೈರಿಂಗ್ ಪೂರ್ತಿ ಬದಲಿಸಿ, 30 ಮಿಲಿಆಂಪಿಯರ್ ಸೋರಿಕೆಗೇ ಕರೆಂಟ್ ಕಡಿಯುವ ಸಾಧನ ಹಾಕಿಸಿ. ಹಳೇ ಬಣ್ಣದಲ್ಲಿ ಸೀಸ ಇರಬಹುದು. ಪರೀಕ್ಷೆ ಮಾಡಿಸದೆ ಒಣಗಿದ್ದಾಗ ಉಜ್ಜಲೇಬೇಡಿ, ಆ ಧೂಳು ಮಕ್ಕಳಿಗೆ ವಿಷ. ಮರದ ಕಿಟಕಿಯ ಬುಡ ಮಾತ್ರ ಕೊಳೆತಿದ್ದರೆ ಅಷ್ಟನ್ನೇ ಕತ್ತರಿಸಿ ಹೊಸ ಮರ ಜೋಡಿಸಬಹುದು. ಚಳಿ, ಸದ್ದು ಜಾಸ್ತಿಯಿದ್ದರೆ ಒಳಬದಿಗೆ ಇನ್ನೊಂದು ಗಾಜಿನ ಚೌಕಟ್ಟು ಸಾಕು.

ಗಾರೆ ಮುಚ್ಚುವ ಮುನ್ನ ವೈರು, ಪೈಪು ಹೋದ ಪ್ರತಿ ಗೋಡೆಯ ಫೋಟೊ ತೆಗೆದಿಡಿ. ಮುಂದೆ ಮೊಳೆ ಹೊಡೆಯುವವರಿಗೆ ಅದು ಬೇಕಾಗುತ್ತದೆ.