ಚಿಕ್ಕ ಹಾಲ್‌ಗೆ ದೊಡ್ಡ ಕಾರ್ಪೆಟ್

ಹಾಲ್ ಚಿಕ್ಕದು, ಹಾಗಾಗಿ ಕಾರ್ಪೆಟ್ಟೂ ಚಿಕ್ಕದೇ ಇರಲಿ ಅಂತ ಹೆಚ್ಚಿನವರು ಲೆಕ್ಕ ಹಾಕುತ್ತಾರೆ. ಕಣ್ಣಿಗೆ ಚೆಂದ ಕಂಡ 3×5 ಅಡಿಯ ರಗ್ ಒಂದನ್ನು ತಂದು ಟೀಪಾಯಿ ಕೆಳಗೆ ಹಾಸುತ್ತಾರೆ. ಆಮೇಲೆ ನೋಡಿದರೆ ನೆಲಕ್ಕೆ ತೇಪೆ ಹಾಕಿದ ಹಾಗೆ ಕಾಣುತ್ತದೆ. ಸೋಫಾ ಒಂದು ಕಡೆ, ಕುರ್ಚಿ ಇನ್ನೊಂದು ಕಡೆ, ನಡುವೆ ಯಾರಿಗೂ ಸೇರದ ಒಂದು ತುಂಡು. ಇದ್ದ ಹಾಲ್ ಇನ್ನಷ್ಟು ಚಿಕ್ಕದಾದಂತೆ ಅನಿಸುತ್ತದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ, ಇಲ್ಲಿ ಅದು ಉಲ್ಟಾ. ಸೋಫಾದ ಕಾಲು ಎಲ್ಲಿದೆ ಅಂತ ನೋಡಿಕೊಂಡು ಹಾಸು ಆರಿಸಬೇಕು. ಅಂದರೆ ಅರ್ಧ ಕೆಲಸ ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಮುಗಿಯಬೇಕು.

1. ನೆಲದ ಮೇಲೆ ಟೇಪ್ ಅಂಟಿಸಿ

ಖಾಲಿ ಜಾಗ ಎಷ್ಟಿದೆ ಅಂತ ಅಳೆಯಬೇಡಿ. ಕೂರುವ ಜಾಗವನ್ನು ಅಳೆಯಿರಿ. ಸೋಫಾದ ಮುಂದಿನ ಎರಡು ಕಾಲು ಕಾರ್ಪೆಟ್ ಮೇಲೆ ಬರಬೇಕು, ಹಿಂದಿನ ಕಾಲು ನೆಲದ ಮೇಲಿದ್ದರೆ ಪರವಾಗಿಲ್ಲ. ಸೋಫಾದ ಎರಡೂ ಪಕ್ಕಕ್ಕೆ ಕಾರ್ಪೆಟ್ ಕನಿಷ್ಠ 6 ಇಂಚು ಹೊರಗೆ ಕಾಣಬೇಕು.

ಒಂದು ಲೆಕ್ಕ ಹಾಕೋಣ. ಹಾಲ್ 10×12 ಅಡಿ. 12 ಅಡಿಯ ಗೋಡೆಗೆ ಒರಗಿದ ಸೋಫಾ 6 ಅಡಿ ಉದ್ದ. ಎರಡೂ ಪಕ್ಕಕ್ಕೆ 6 ಇಂಚು ಸೇರಿಸಿದರೆ 7 ಅಡಿ ಆಯಿತು. ಈಗ ಇನ್ನೊಂದು ಅಳತೆ. ಸೋಫಾದ ಕೆಳಗೆ ಹೋಗುವುದು 8 ಇಂಚು, ಸೋಫಾಗೂ ಟೀಪಾಯಿಗೂ ನಡುವೆ 16 ಇಂಚು, ಟೀಪಾಯಿ ಅಗಲ 20 ಇಂಚು, ಅದರಾಚೆ ಇನ್ನೊಂದು 16 ಇಂಚು. ಒಟ್ಟು 60 ಇಂಚು, ಅಂದರೆ 5 ಅಡಿ. ನಿಮಗೆ ಬೇಕಾದದ್ದು 5×7. ಅದೇ ಜಾಗಕ್ಕೆ 3×5 ತಂದರೆ ಟೀಪಾಯಿ ಮುಚ್ಚಿದ್ದು ಹೋಗಿ ಆಚೀಚೆ 8 ಇಂಚು ಮಾತ್ರ ಉಳಿಯುತ್ತದೆ. ಡಿಸೈನ್ ಪೂರ್ತಿ ಟೀಪಾಯಿ ಕೆಳಗೆ!

ಬಂದ ಅಳತೆಗೆ ನೆಲದ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ ಚೌಕ ಮಾಡಿ. ಟೇಪ್ ಇಲ್ಲದಿದ್ದರೆ ಹಳೆಯ ಬೆಡ್‌ಶೀಟನ್ನು ಅಷ್ಟಕ್ಕೆ ಮಡಚಿ ಹಾಸಿ. ಒಂದೆರಡು ದಿನ ಹಾಗೇ ಬಿಡಿ. ನಡೆದಾಡುವಾಗ ಒಂದು ಪಾದ ಹಾಸಿನ ಮೇಲೆ, ಒಂದು ಪಾದ ನೆಲದ ಮೇಲೆ ಬೀಳುತ್ತಿದೆಯಾ? ಹಾಗಿದ್ದರೆ ಆ ಅಂಚು ಬೇಗ ಸವೆಯುತ್ತದೆ, ಎಡವುವುದೂ ಅಲ್ಲೇ. ಚೌಕವನ್ನು ಸ್ವಲ್ಪ ಸರಿಸಿ ನೋಡಿ. ಗೋಡೆ ಮತ್ತು ಕಾರ್ಪೆಟ್ ನಡುವೆ ಸುತ್ತಲೂ 8 ಇಂಚಾದರೂ ನೆಲ ಕಂಡರೆ ಹಾಲ್ ಬಿಗಿದ ಹಾಗೆ ಅನಿಸುವುದಿಲ್ಲ. ಎರಡು ಸೈಜಿನ ನಡುವೆ ಮನಸ್ಸು ತೂಗುತ್ತಿದ್ದರೆ ದೊಡ್ಡದನ್ನೇ ತಗೊಳ್ಳಿ.

ಕೈಯಲ್ಲಿ ನೇಯ್ದ ಕಾರ್ಪೆಟ್ ಅಳತೆ ಚೀಟಿಯಲ್ಲಿ ಬರೆದದ್ದಕ್ಕಿಂತ ಒಂದೆರಡು ಇಂಚು ಹೆಚ್ಚುಕಮ್ಮಿ ಇರುವುದುಂಟು. ಅಂಗಡಿಗೆ ಹೋಗುವಾಗ ಅಳತೆ ಟೇಪ್ ಜೊತೆಗಿರಲಿ.

2. ಬಾಗಿಲು ತೆರೆದು ನೋಡಿ

ಇದನ್ನು ಮರೆತವರೇ ಜಾಸ್ತಿ. ಚಿಕ್ಕ ಹಾಲ್‌ನಲ್ಲಿ ಬಾಗಿಲು ಕಾರ್ಪೆಟ್ ಮೇಲೇ ತಿರುಗುವ ಸಾಧ್ಯತೆ ಇರುತ್ತದೆ. ಬಾಗಿಲಿನ ಕೆಳಗೆ ರಟ್ಟಿನ ತುಂಡುಗಳನ್ನು ಒಂದರ ಮೇಲೊಂದು ಇಟ್ಟು, ಎಷ್ಟು ದಪ್ಪದವರೆಗೆ ಉಜ್ಜದೆ ತೆರೆಯುತ್ತದೆ ನೋಡಿ. ಆ ದಪ್ಪದೊಳಗೆ ಕಾರ್ಪೆಟ್ ಮತ್ತು ಅದು ಜಾರದಂತೆ ಕೆಳಗೆ ಹಾಸುವ ಪ್ಯಾಡ್ ಎರಡೂ ಹಿಡಿಸಬೇಕು.

ಉದ್ದ ಎಳೆಗಳ ಮೆತ್ತನೆಯ ಶ್ಯಾಗ್ ಕಾರ್ಪೆಟ್ ಮೇಲೆ ಕೈಯಾಡಿಸಿದರೆ ಬಿಡಲು ಮನಸ್ಸೇ ಬರುವುದಿಲ್ಲ, ನಿಜ. ಆದರೆ ಜಾಗ ಕಡಿಮೆ ಇದ್ದಾಗ ಎಲ್ಲರೂ ಅದರ ಮೇಲೇ ಓಡಾಡಬೇಕು. ಎಳೆ ಮಲಗುತ್ತದೆ, ಟೀಪಾಯಿ ಕಾಲಿನ ಗುಳಿ ಉಳಿಯುತ್ತದೆ, ಬಿದ್ದ ಚೂರುಪಾರು ತಳ ಸೇರಿದರೆ ವ್ಯಾಕ್ಯೂಮ್‌ಗೂ ಸಿಗುವುದಿಲ್ಲ. ನನ್ನನ್ನು ಕೇಳಿದರೆ ಅರ್ಧ ಇಂಚಿಗಿಂತ ಗಿಡ್ಡ ಎಳೆ ಇರಲಿ, ಇಲ್ಲವೇ ಮೇಲೆದ್ದ ಎಳೆಯೇ ಇಲ್ಲದ ಜಮಖಾನದಂಥ ಚಪ್ಪಟೆ ನೇಯ್ಗೆ ಇರಲಿ.

3. ನೂಲು ಯಾವುದು ಅಂತ ಕೇಳಿ

ಉಣ್ಣೆ ತುಳಿದಷ್ಟೂ ಪುಟಿದು ಏಳುತ್ತದೆ. ಅದರಲ್ಲಿ ಸಹಜವಾಗಿ ಇರುವ ಎಣ್ಣೆಯಂಶದಿಂದಾಗಿ ಚೆಲ್ಲಿದ ನೀರು ತಕ್ಷಣ ಒಳಗೆ ಇಳಿಯುವುದಿಲ್ಲ, ಒರೆಸಲು ಸ್ವಲ್ಪ ಸಮಯ ಸಿಗುತ್ತದೆ. ಹೊಸತರಲ್ಲಿ ಕೆಲವು ತಿಂಗಳು ಜುಂಗು ಉದುರುತ್ತದೆ, ಗಾಬರಿ ಬೇಡ. ನುಸಿಯ ಕಾಟ ಮಾತ್ರ ಇದ್ದದ್ದೇ. ಸೋಫಾ ಅಡಿಯ ಕತ್ತಲೆ ಜಾಗವನ್ನೂ ಆಗಾಗ ಗುಡಿಸಬೇಕು.

ಹತ್ತಿಯದು ಹಗುರ, ಒಗೆಯುವುದು ಸುಲಭ. ಆದರೆ ಜಾರುತ್ತದೆ, ಬೇಗ ಕೊಳೆಯಾಗುತ್ತದೆ. ಸೆಣಬಿನದು ಫೋಟೋದಲ್ಲಿ ತುಂಬಾ ಚೆನ್ನಾಗಿ ಕಾಣುತ್ತದೆ. ನೀರು ಬಿದ್ದರೆ ಕಂದು ಕಲೆ ಉಳಿಯುತ್ತದೆ, ತೇವದ ಜಾಗದಲ್ಲಿ ಬೂಷ್ಟು ಹಿಡಿಯುತ್ತದೆ, ಬರಿಗಾಲಿಗೆ ಒರಟು. ಮಕ್ಕಳು ನೆಲದ ಮೇಲೆ ಆಡುವ ಮನೆಗೆ ಅದು ಬೇಡ.

ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್ ನೂಲು ನೀರು ಹೀರುವುದಿಲ್ಲ, ಬಣ್ಣ ಬಿಡುವುದೂ ಅಪರೂಪ. ದಿನಬಳಕೆಗೆ ಒಳ್ಳೆಯದೇ. ಅದರ ವೈರಿ ಎಣ್ಣೆ ಮತ್ತು ಬಿಸಿ. ಎಣ್ಣೆ ಕಲೆ ಗಟ್ಟಿಯಾಗಿ ಹಿಡಿಯುತ್ತದೆ, ಇಸ್ತ್ರಿ ಪೆಟ್ಟಿಗೆ ತಾಗಿದರೆ ಕರಗುತ್ತದೆ. ನೈಲಾನ್ ಇದಕ್ಕಿಂತ ಗಟ್ಟಿ, ಎಳೆ ಬೇಗ ಮಲಗುವುದಿಲ್ಲ.

ರೇಷ್ಮೆಯಂತೆ ಮಿನುಗುವ, ಆದರೆ ಬೆಲೆ ಕಡಿಮೆ ಇರುವ ಕಾರ್ಪೆಟ್ ಕಂಡರೆ ಒಂದು ನಿಮಿಷ ನಿಲ್ಲಿ. ಬ್ಯಾಂಬೂ ಸಿಲ್ಕ್, ಆರ್ಟ್ ಸಿಲ್ಕ್ ಅಂತ ಮಾರುವುದು ಸಾಮಾನ್ಯವಾಗಿ ವಿಸ್ಕೋಸ್, ಅಂದರೆ ಮರ ಅಥವಾ ಬಿದಿರಿನ ತಿರುಳಿನಿಂದ ಮಾಡಿದ ನೂಲು. ಒದ್ದೆಯಾದರೆ ಅದರ ಎಳೆಯ ಬಲ ತುಂಬಾ ಕಡಿಮೆಯಾಗುತ್ತದೆ, ಬರೀ ನೀರು ಚೆಲ್ಲಿದರೂ ಗುರುತು ಉಳಿಯಬಹುದು. ಲೋಟ ಹಿಡಿದು ಕೂರುವ ಜಾಗಕ್ಕೆ ಅದು ಆಗಿಬರುವುದಿಲ್ಲ.

4. ಮಗುಚಿ ಹಾಕಿ, ಬೆನ್ನು ನೋಡಿ

ಕಾರ್ಪೆಟ್‌ನ ಬಂಡವಾಳ ಇರುವುದು ಹಿಂಬದಿಯಲ್ಲಿ. ಮೂಲೆಯೊಂದನ್ನು ಮಗುಚಿ. ಮುಂದಿನ ಚಿತ್ತಾರವೇ ಹಿಂದೆಯೂ ಸ್ಪಷ್ಟವಾಗಿ ಕಂಡು, ಗಂಟುಗಳು ಅಲ್ಲಲ್ಲಿ ಚೂರು ಓರೆಯಾಗಿದ್ದರೆ ಅದು ಕೈಯಲ್ಲಿ ಗಂಟು ಹಾಕಿದ್ದು. ಅಂಥದರ ಕುಚ್ಚು ನೇಯ್ಗೆಯ ಎಳೆಯೇ ಮುಂದುವರಿದು ಬಂದದ್ದು. ಹಿಂಬದಿ ಅಳತೆಪಟ್ಟಿ ಇಟ್ಟ ಹಾಗೆ ಒಂದೇ ಸಮ ಇದ್ದು, ಕುಚ್ಚನ್ನು ಅಂಚಿಗೆ ಹೊಲಿದಿದ್ದರೆ ಯಂತ್ರದ್ದು.

ಹಿಂದೆ ಬಟ್ಟೆ ಅಂಟಿಸಿದ್ದರೆ ಅದು ಸಾಮಾನ್ಯವಾಗಿ ಟಫ್ಟೆಡ್. ಇದರಲ್ಲಿ ಗಂಟು ಇರುವುದಿಲ್ಲ. ಎಳೆಗಳನ್ನು ಬಟ್ಟೆಗೆ ಚುಚ್ಚಿ ಲೇಟೆಕ್ಸ್ ಅಂಟಿನಿಂದ ಹಿಡಿಸಿರುತ್ತಾರೆ. ವರ್ಷಗಳಾದಂತೆ ಆ ಅಂಟು ಒಣಗಿ ಪುಡಿಯಾಗುತ್ತದೆ. ‘ಹ್ಯಾಂಡ್‌ಮೇಡ್’ ಅನ್ನುವ ಚೀಟಿ ಇದಕ್ಕೂ ಇರುತ್ತದೆ, ಸುಳ್ಳೇನಲ್ಲ. ಆದರೆ ಗಂಟಿನ ಕಾರ್ಪೆಟ್ ಬೆಲೆ ಇದಕ್ಕೆ ಕೊಡಬೇಡಿ. ಮೂಗಿನ ಹತ್ತಿರ ತಂದು ನೋಡಿ. ಅಂಟಿನ ಘಾಟು ಜೋರಾಗಿದ್ದರೆ ಚಿಕ್ಕ ಹಾಲ್‌ನಲ್ಲಿ ಅದು ಬೇಗ ಹೋಗುವುದಿಲ್ಲ.

ಇನ್ನೂ ಎರಡು ಪರೀಕ್ಷೆ ಇದೆ. ಎಳೆ ಇರುವ ಮುಖ ಹೊರಗೆ ಬರುವಂತೆ ಬಗ್ಗಿಸಿ. ಎಳೆಗಳ ನಡುವೆ ತಳದ ಬಟ್ಟೆ ಢಾಳಾಗಿ ಕಂಡರೆ ಎಳೆ ಒತ್ತಾಗಿಲ್ಲ ಅಂತ. ಮತ್ತೆ ಒದ್ದೆ ಮಾಡಿ ಹಿಂಡಿದ ಬಿಳಿ ಕರ್ಚೀಫಿನಿಂದ ಗಾಢ ಬಣ್ಣದ ಜಾಗವನ್ನು ಮೆಲ್ಲಗೆ ಒರೆಸಿ. ಬಣ್ಣ ಅಂಟಿಕೊಂಡರೆ ಹಾಗೇ ವಾಪಸ್ ಇಡಿ.

5. ಬಣ್ಣ

ನೆಲದ ಬಣ್ಣಕ್ಕೆ ಹತ್ತಿರದ, ಸ್ವಲ್ಪ ತಿಳಿ ಬಣ್ಣ ಇದ್ದರೆ ಕಣ್ಣು ಎಲ್ಲೂ ತಡೆಯದೆ ಓಡುತ್ತದೆ, ಹಾಲ್ ದೊಡ್ಡದೆನಿಸುತ್ತದೆ. ಸುತ್ತಲೂ ದಪ್ಪ ಬಾರ್ಡರ್ ಇದ್ದರೆ ಅದೇ ಗೆರೆ ಎಳೆದು ‘ಇಷ್ಟೇ ಜಾಗ’ ಅಂದಂತಾಗುತ್ತದೆ. ಇಕ್ಕಟ್ಟಿನ ಹಾಲ್‌ಗೆ ಪಟ್ಟೆ ಡಿಸೈನ್ ಆದರೆ ಪಟ್ಟೆಗಳು ಹಾಲ್‌ನ ಕಿರಿದಾದ ಅಗಲದ ಉದ್ದಕ್ಕೂ ಓಡುವಂತಿರಲಿ, ಅಗಲ ಜಾಸ್ತಿ ಅನಿಸುತ್ತದೆ. ಪೂರ್ತಿ ತಿಳಿ ಬಣ್ಣ ಅಂದರೆ ದಿನಾ ಕಲೆ ಹುಡುಕುವ ಕೆಲಸ, ಪೂರ್ತಿ ಕಡುಗಪ್ಪು ಅಂದರೆ ಧೂಳು ಹುಡುಕುವ ಕೆಲಸ. ನಾಲ್ಕು ಬಣ್ಣ ಬೆರೆತ ಸಣ್ಣ ಚಿತ್ತಾರ ಎರಡನ್ನೂ ನುಂಗಿಕೊಳ್ಳುತ್ತದೆ.

6. ಹಾಸುವಾಗ

ಅಡಿಗೆ ಪ್ಯಾಡ್ ಬೇಕೇ ಬೇಕು. ನುಣ್ಣನೆಯ ಟೈಲ್ಸ್ ಮೇಲೆ ಬರೀ ರಗ್ ಹಾಸಿದರೆ ವಯಸ್ಸಾದವರು ಜಾರಿ ಬೀಳಬಹುದು. ಪ್ಯಾಡ್ ಪ್ರತಿ ಬದಿಯಲ್ಲೂ ಕಾರ್ಪೆಟ್‌ಗಿಂತ ಸುಮಾರು ಒಂದು ಇಂಚು ಒಳಗಿದ್ದರೆ ಅಂಚು ನೆಲಕ್ಕೆ ಚಪ್ಪಟೆಯಾಗಿ ಕೂರುತ್ತದೆ. ವಿನೈಲ್ ನೆಲವಾದರೆ ರಬ್ಬರ್ ಪ್ಯಾಡ್ ಕಲೆ ಬಿಡಬಹುದು, ವಿನೈಲ್‌ಗೆ ಆಗುವಂಥದ್ದನ್ನೇ ಕೇಳಿ ತನ್ನಿ.

ಸುರುಳಿ ಬಿಚ್ಚಿದಾಗ ಮೂಲೆಗಳು ಮೇಲೆದ್ದರೆ ಉಲ್ಟಾ ಕಡೆಗೆ ಸ್ವಲ್ಪ ಹೊತ್ತು ಸುತ್ತಿಟ್ಟು, ಮತ್ತೆ ಬಿಚ್ಚಿ ಭಾರ ಇಡಿ. ಆರು ತಿಂಗಳಿಗೊಮ್ಮೆ ತಲೆಕಡೆಯನ್ನು ಕಾಲ್ಕಡೆಗೆ ತಿರುಗಿಸಿ. ಕಿಟಕಿ ಬಿಸಿಲಿಗೆ ಒಂದೇ ಪಕ್ಕ ಮಾಸುವುದು, ಓಡಾಟಕ್ಕೆ ಒಂದೇ ಪಕ್ಕ ಸವೆಯುವುದು ಎರಡೂ ತಪ್ಪುತ್ತದೆ. ಏನಾದರೂ ಚೆಲ್ಲಿದರೆ ಉಜ್ಜಬೇಡಿ, ಬಿಳಿ ಬಟ್ಟೆ ಒತ್ತಿ ಹೀರಿಸಿ. ಉಜ್ಜಿದರೆ ಕಲೆ ಅಗಲವಾಗುತ್ತದೆ, ಎಳೆಯೂ ಕೆದರುತ್ತದೆ.

ಅಂಗಡಿಯ ದೀಪದಲ್ಲಿ ಕಂಡ ಬಣ್ಣ ಮನೆಯಲ್ಲಿ ಬೇರೆಯೇ ಕಾಣಬಹುದು. ಹಾಗಾಗಿ ದುಡ್ಡು ಕೊಡುವ ಮೊದಲೇ ವಾಪಸ್ ತಗೊಳ್ಳುತ್ತಾರಾ, ಎಷ್ಟು ದಿನದೊಳಗೆ ಅಂತ ಕೇಳಿಕೊಳ್ಳಿ. ಮನೆಗೆ ತಂದ ಮೇಲೆ ಹಗಲಲ್ಲಿ ಒಮ್ಮೆ, ರಾತ್ರಿ ಲೈಟ್ ಹಾಕಿ ಒಮ್ಮೆ ನೋಡಿ. ಅಲ್ಲಿಯವರೆಗೆ ಚೀಟಿ ಕತ್ತರಿಸಬೇಡಿ, ಬಿಲ್ ಎಸೆಯಬೇಡಿ.